ನಾಲ್ಕು ಪುಟ ತೆಗೆದುಹಾಕಿ, ಆ ಒಂದು ಸಾಲು ಉಳಿಸಿ

ನಮಸ್ಕಾರ. ರಾಜ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ನಡೆದ ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ, ಮುತ್ತಿಗೆಗೆ ಸಿಕ್ಕ, ರಾಜನ ಕಡೆಯವರ ಕೈಯಲ್ಲಿದ್ದ ನ್ಯೂವಾರ್ಕ್ ಊರಿನೊಳಗೆ ಹೊಡೆದ ನಾಣ್ಯಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ.

ಮೊದಲ ನಾಲ್ಕು ಪುಟ ಕವಡೆ, ವಸ್ತು ವಿನಿಮಯ, ರೋಮಿನ ನಾಣ್ಯ. ಅಷ್ಟನ್ನೂ ತೆಗೆದುಬಿಡಿ. ದುಡ್ಡು ಅಂದರೇನು ಅಂತ ಓದುವವರಿಗೆ ಗೊತ್ತು, ಅಲ್ವಾ? ಐದನೇ ಪುಟದ ಕೊನೆಯಲ್ಲಿ ಒಂದು ಸಾಲಿದೆ: ಕೆಲವು ನಾಣ್ಯಗಳ ಮೇಲೆ ರಾಜನ ಬೆಳ್ಳಿ ಸಾಮಾನಿನ ಲಾಂಛನದ ಗುರುತು ಇನ್ನೂ ಕಾಣುತ್ತದೆ ಎಂದು. ಇಷ್ಟು ಹೇಳಿ ಮುಂದಕ್ಕೆ ಓಡಿಬಿಟ್ಟಿದ್ದೀರಿ! ರಾಜನ ಬೆಳ್ಳಿ ಸಿಪಾಯಿಯ ಸಂಬಳವಾಗಿದೆ. ನಾನಾಗಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ.

ನಾಣ್ಯದ ವಜ್ರಾಕಾರವನ್ನು ‘ವಿಸ್ಮಯಕರ’ ಎಂದು ಮೂರು ಕಡೆ ಬರೆದಿದ್ದೀರಿ. ವಿಸ್ಮಯ ಏನಿಲ್ಲ. ಶಂಕರಪೋಳಿ ಕತ್ತರಿಸುವುದನ್ನು ನೋಡಿದ್ದೀರಲ್ಲ? ಗೆರೆ ಎಳೆದ ಹಾಗೆ ಓರೆಯಾಗಿ ಕತ್ತರಿಸಿದರೆ ಮಧ್ಯೆ ಚೂರು ಉಳಿಯುವುದಿಲ್ಲ. ಬೆಳ್ಳಿ ತಗಡಿಗೂ ಅದೇ ಲೆಕ್ಕ. ದುಂಡಗೆ ಕತ್ತರಿಸಿದ್ದರೆ ಉಳಿದ ಚೂರನ್ನು ಮತ್ತೆ ಕರಗಿಸಬೇಕಿತ್ತು. ಹೊರಗೆ ಶತ್ರು ಕೂತಿರುವಾಗ ಅಷ್ಟು ಪುರುಸೊತ್ತು ಯಾರಿಗಿದೆ?

‘ನಾಣ್ಯದ ಮೇಲೆ ಚಾರ್ಲ್ಸ್ ರಾಜನ ದುಃಖದ ಮುಖ’ ಎಂದಿದ್ದೀರಿ. ಅದರಲ್ಲಿ ಮುಖವೇ ಇಲ್ಲ! ಒಂದು ಕಡೆ ಕಿರೀಟ, ಆಚೀಚೆ ಸಿ ಮತ್ತು ಆರ್ ಅಕ್ಷರ (ಲ್ಯಾಟಿನ್‌ನಲ್ಲಿ ‘ಚಾರ್ಲ್ಸ್ ರಾಜ’ ಎಂಬುದರ ಮೊದಲಕ್ಷರಗಳು), ಕೆಳಗೆ ರೋಮನ್ ಅಂಕಿಯಲ್ಲಿ ಬೆಲೆ. 30, 12, 9, 6 ಪೆನ್ಸ್. ಇನ್ನೊಂದು ಕಡೆ ‘ಮುತ್ತಿಗೆಗೆ ಒಳಗಾದ ನ್ಯೂವಾರ್ಕ್’ ಎಂಬ ಅರ್ಥದ ಬರಹ, ಅದರ ಕೆಳಗೆ 1645 ಅಥವಾ 1646. ಆ 9 ಪೆನ್ಸ್ ಮೇಲೆ ಸ್ವಲ್ಪ ನಿಲ್ಲಿ. ಟಂಕಸಾಲೆಯ ಮಾಮೂಲಿ ನಾಣ್ಯಗಳಲ್ಲಿ ಅಂಥದ್ದೊಂದು ಇರಲೇ ಇಲ್ಲ. ಕಾಣದ ಮುಖಕ್ಕೆ ದುಃಖ ಹಚ್ಚುವುದಕ್ಕಿಂತ ಇದು ಜಾಸ್ತಿ ಹೇಳುತ್ತದೆ.

ಪಾಂಟಿಫ್ರಾಕ್ಟ್ ಕೋಟೆಯ ನಾಣ್ಯವನ್ನೂ ಇದರ ಜೊತೆ ಕಲಸಿದ್ದೀರಿ. ಅದು 1648-49ರ ಕಥೆ. 1649ರ ಜನವರಿ 30ರಂದು ರಾಜನ ತಲೆ ಕಡಿದ ಮೇಲೂ ಕೋಟೆಯವರು ಬಗ್ಗಲಿಲ್ಲ. ‘ತಂದೆ ಸತ್ತ ಮೇಲೆ ಮಗನಿಗಾಗಿ’ ಎಂದು ಲ್ಯಾಟಿನ್‌ನಲ್ಲಿ ಬರೆದು ನಾಣ್ಯ ಹೊಡೆದರು. ಇದನ್ನು ಸುಮ್ನೆ ಇಲ್ಲಿ ತುರುಕಬೇಡಿ, ಬೇರೆ ಲೇಖನಕ್ಕೆ ಇಟ್ಟುಕೊಳ್ಳಿ.

ಕೊನೆಯ ಪುಟದ ಶಾಂತಿಸಂದೇಶವೂ ಬೇಡ. 1646ರ ಮೇ ತಿಂಗಳಲ್ಲಿ ನ್ಯೂವಾರ್ಕ್ ಶರಣಾದದ್ದು ಅದೇ ರಾಜನ ಅಪ್ಪಣೆಯ ಮೇಲೆ. ನಿಮ್ಮ ಲೇಖನದಲ್ಲಿ ಈ ಮಾತೇ ಇಲ್ಲ. ಸೇರಿಸಿ, 900 ಪದದೊಳಗೆ ಬರೆದು ಕಳಿಸಿ.