13 ವರ್ಷದ ಮಗಳಿಗೆ ‘ಅಗ್ಲೀಸ್’ ಕೊಡಬಹುದಾ?

ಸ್ಕಾಟ್ ವೆಸ್ಟರ್‌ಫೆಲ್ಡ್ ಬರೆದ ‘ಅಗ್ಲೀಸ್’ ಓದಿದರೆ ಮಗಳು ಹೆದರುತ್ತಾಳಾ ಅಂತ ಕೇಳಿದ್ದೀರಿ. ಇಲ್ಲ ಮೇಡಂ, ಧೈರ್ಯವಾಗಿ ಕೊಡಿ. 2005ರ ಪುಸ್ತಕ. ಅದರಲ್ಲಿ 16 ತುಂಬಿದವರಿಗೆಲ್ಲ ಆಪರೇಷನ್ ಮಾಡಿ ಹೆಚ್ಚುಕಮ್ಮಿ ಒಂದೇ ಥರದ ಚೆಂದದ ಮುಖ ಕೊಡುತ್ತಾರೆ. ಅಲ್ಲಿವರೆಗೆ ಮಕ್ಕಳು ಒಬ್ಬರನ್ನೊಬ್ಬರು ‘ಮೂಗು’, ‘ಮೆಳ್ಳಗಣ್ಣು’ ಅಂತ ಕರೆಯುತ್ತಾ ಬೆಳೆಯುತ್ತಾರೆ. ಟ್ಯಾಲಿ ಅನ್ನೋ ಹುಡುಗಿ ತನ್ನ ಅರ್ಧ ಮುಖವನ್ನೇ ಎರಡೂ ಕಡೆ ಜೋಡಿಸಿ ಪರದೆ ಮೇಲೆ ನೋಡಿಕೊಳ್ಳುವ ಭಾಗ ಓದುವಾಗ ನನಗೆ ಗೋಣಿಕೊಪ್ಪದ ನಮ್ಮಕ್ಕನ ಮಗಳು ನೆನಪಾದಳು, ಮದುವೆ ಮನೆ ಫೋಟೋ ಕಳಿಸುವ ಮುಂಚೆ ಮೂಗಿನ ಪಕ್ಕದ ಮಚ್ಚೆಯನ್ನು ಫೋನಲ್ಲಿ ಬೆರಳಿಂದ ಉಜ್ಜಿ ಉಜ್ಜಿ ಅಳಿಸುತ್ತಾ ಕೂತಿದ್ದಳು. ನಮ್ಮಮ್ಮನಿಗೂ ಅಲ್ಲೇ ಮಚ್ಚೆ ಇತ್ತು. ನನಗೆ ತುಂಬಾ ಸಂಕಟವಾಯ್ತು.

ರಕ್ತಪಾತ ಜಾಸ್ತಿ ಇಲ್ಲ. ಆಪರೇಷನ್‌ನಲ್ಲಿ ಮುಖದ ಜೊತೆ ಮೆದುಳಿಗೂ ಕೈ ಹಾಕುತ್ತಾರೆ ಅಂತ ಗೊತ್ತಾಗುವ ಜಾಗದಲ್ಲಿ ಮಾತ್ರ ಮೈ ಜುಮ್ಮೆನ್ನುತ್ತೆ, ಅದನ್ನು ಅವಳಿಗೆ ಮೊದಲೇ ಹೇಳಿಬಿಡಬೇಡಿ. 2024ರ ಸಿನಿಮಾ ಆಮೇಲೆ ನೋಡಲಿ. ಪುಸ್ತಕದಲ್ಲಾದರೆ ಆ ಮುಖಗಳನ್ನು ಅವಳೇ ಊಹಿಸಿಕೊಳ್ಳುತ್ತಾಳೆ, ಅಲ್ವಾ? ಎರಡನೇ ಭಾಗ ‘ಪ್ರೆಟೀಸ್’ ನನ್ನ ಹತ್ತಿರ ಇದೆ. ನೀವು ಮಡಿಕೇರಿಯಲ್ಲೇ ಇರೋದಾದರೆ ಹೇಳಿ, ಶುಕ್ರವಾರ ಸಂತೆಗೆ ಬಂದಾಗ ತಂದುಕೊಡುತ್ತೇನೆ.