ಕಿವಿಯೊಳಗಿನ ದನಿ ಯಾರದು?

ಯಾರೂ ಇಲ್ಲದಿದ್ದರೂ ದನಿ ಕೇಳಿಸುವಂತಾಗುವ, ಇಲ್ಲದ್ದು ನಿಜವೆನಿಸುವ ಸ್ಕಿಜೋಫ್ರೀನಿಯಾ ಮಿದುಳಿನ ಕಾಯಿಲೆ, ಅದರಲ್ಲಿ ಸಂಸ್ಕೃತಿಗೇನು ಕೆಲಸ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ಈ ಕಾಯಿಲೆಯಿದ್ದ ದೊಡ್ಡಮ್ಮನ ಜೊತೆ ಒಂದೇ ಮನೆಯಲ್ಲಿ ಬೆಳೆದವನು, ಅಷ್ಟೇ.

ದೊಡ್ಡಮ್ಮನಿಗೆ ಕೇಳಿಸುತ್ತಿದ್ದದ್ದು ಅವರ ಅತ್ತೆಯ, ಅಂದರೆ ನನ್ನ ಅಜ್ಜಿಯ ದನಿ. ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ‘ಸ್ನಾನ ಮಾಡದೆ ಒಲೆ ಮುಟ್ಟಿದೆಯಾ? ಹಿತ್ತಲ ಬಾಗಿಲು ಹಾಕಿದೆಯಾ?’ ಬಹುಪಾಲು ಇಂಥವೇ. ಕೆಲವು ದಿನ ಮಾತ್ರ ಬಾಯಲ್ಲಿ ಹೇಳಲಾಗದ ಬೈಗುಳ. ಆ ದಿನಗಳಲ್ಲಿ ದೊಡ್ಡಮ್ಮ ಅನ್ನ ಮುಟ್ಟುತ್ತಿರಲಿಲ್ಲ.

ಇದು ನಮ್ಮ ಮನೆಯೊಂದರ ಕಥೆ ಎಂದುಕೊಂಡಿದ್ದೆ. ಆಮೇಲೆ ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್‌ಮನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಓದಿದೆ. ಚೆನ್ನೈ, ಘಾನಾದ ಅಕ್ರಾ, ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊಗಳಲ್ಲಿ ತಲಾ 20 ರೋಗಿಗಳನ್ನು ‘ನಿಮಗೆ ಕೇಳಿಸುವುದು ಯಾರ ದನಿ, ಏನು ಹೇಳುತ್ತದೆ’ ಎಂದು ವಿಚಾರಿಸಿದ್ದರು. ಚೆನ್ನೈಯ 11 ಮಂದಿಗೆ ಬಂಧುಗಳ ದನಿ. ಮನೆಗೆಲಸ ಮಾಡು ಎನ್ನುವುದು, ಗದರುವುದು, ಬುದ್ಧಿ ಹೇಳುವುದು. ಅಕ್ರಾದ 16 ಮಂದಿಗೆ ದೇವರ ಮಾತು ಕೇಳಿಸಿತ್ತು. ಅಮೆರಿಕದ 14 ಮಂದಿಗಾದರೋ ತಮ್ಮನ್ನು ಇಲ್ಲವೇ ಪರರನ್ನು ಹಿಂಸಿಸು ಎನ್ನುವ ದನಿ. 60 ಜನರ ಸಣ್ಣ ಅಧ್ಯಯನ, ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಲಾಗದು. ಆದರೂ ಯಾರೂ ಇಲ್ಲದ ಕಡೆ ದನಿ ಕೇಳಿಸುವುದು ಕಾಯಿಲೆಯ ಕೆಲಸವಾದರೆ, ಆ ದನಿಗೆ ಮುಖ ಕೊಡುವುದು ನಾವು ಬದುಕಿದ ಮನೆ ಎಂದೇ ನನಗೆ ತೋರುತ್ತದೆ.

ಬಂಧುಗಳ ದನಿ ಎಂದರೆ ಸೌಮ್ಯ, ನಮ್ಮವರೇ ಪುಣ್ಯವಂತರು ಎಂದು ಕೆಲವರು ಬರೆಯುವುದನ್ನು ನೋಡಿದ್ದೇನೆ. ನನಗೆ ಸಿಟ್ಟು ಬರುತ್ತದೆ. ತೀರಿಹೋದ ಅತ್ತೆ ಸೊಸೆಯನ್ನು ಗದರಿಸುವುದು ನಮ್ಮ ಮನೆಯವರಿಗೆ ವಿಚಿತ್ರವೆನಿಸಲೇ ಇಲ್ಲ. ಪಿತೃಪಕ್ಷದಲ್ಲಿ ಎಡೆಯಿಡುವಾಗ ಏನೋ ಲೋಪವಾಗಿದೆ ಎಂದು ತೀರ್ಮಾನಿಸಿದರು. ಮರುವರ್ಷ ಅಜ್ಜಿಗೆ ಇಷ್ಟವೆಂದು ಎಡೆಗೆ ಕರಿಗಡುಬು ಸೇರಿತು, ಅದರ ಮರುವರ್ಷ ಹೊಸ ಸೀರೆ. ಹೀಗೆ ಮೂರು ವರ್ಷ ಕಳೆದವು. ದೊಡ್ಡಮ್ಮನಿಗೆ ಕೇಳಿಸುತ್ತಿದ್ದದ್ದು ಉಪಗ್ರಹದಿಂದ ಬರುವ ಮಾತಾಗಿದ್ದರೆ ಮರುದಿನವೇ ಆಸ್ಪತ್ರೆಗೆ ಓಡುತ್ತಿದ್ದೆವು.

ಕೊನೆಗೆ ಕರೆದೊಯ್ದಾಗ ವೈದ್ಯರು ‘ಅತ್ತೆ ಏನೇನು ಹೇಳುತ್ತಾರಮ್ಮ?’ ಎಂದು ಕೇಳಿದರು. ದೊಡ್ಡಮ್ಮ ಮುಕ್ಕಾಲು ಗಂಟೆ ಮಾತನಾಡಿದರು. ಅಷ್ಟು ದಿನ ನಾವು ಯಾರೂ ಅದನ್ನು ಕೇಳಿರಲಿಲ್ಲ.