ಬಂದರಿನಿಂದ ಲಾರಿ ವಾಪಸ್ ಬಂದಿದ್ದಕ್ಕೆ

ನೌಕಾಪಡೆಯ ಹಡಗಿಗೆ ಅಂತ ಕಳಿಸಿದ ಪರಿಹಾರ ಸಾಮಗ್ರಿಯ ಲಾರಿಯನ್ನು ಬಂದರಿನಿಂದ ಯಾಕೆ ವಾಪಸ್ ಕಳಿಸಿದರು ಅಂತ ಕೇಳಿದ್ದೀರಿ. ಬಹುಶಃ ಹಡಗಿನಲ್ಲಿ ಜಾಗದ ಸಮಸ್ಯೆ. ದಾವಣಗೆರೆಯಿಂದ ನೀವು ಕಳಿಸಿದ್ದು ಹಳೆ ಬಟ್ಟೆ, ಮಂಡಕ್ಕಿ ಮೂಟೆ ಅಲ್ವಾ? ನೌಕಾಪಡೆಯದು ಸರಕಿನ ಹಡಗಲ್ಲ. 2025ರಲ್ಲಿ ಭೂಕಂಪವಾದಾಗ ಮ್ಯಾನ್ಮಾರ್‌ಗೆ ಹೋದ ಐಎನ್‌ಎಸ್ ಸಾತ್ಪುರ, ಐಎನ್‌ಎಸ್ ಸಾವಿತ್ರಿ ಎರಡೂ ಸೇರಿ ಒಯ್ದದ್ದೇ ಸುಮಾರು 40 ಟನ್. ಹತ್ತು ಟನ್ನಿನ ನಾಲ್ಕು ಲಾರಿ ಲೋಡು, ಅಷ್ಟೇ. ಆ ಕಡೆ ಹಡಗು ನಿಲ್ಲುವ ಜೆಟ್ಟಿ ಮುರಿದಿದ್ದರೆ ಸಾಮಾನನ್ನು ದೋಣಿಗೋ ಹೆಲಿಕಾಪ್ಟರಿಗೋ ದಾಟಿಸಬೇಕು.

ಮೊದಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ಏನು ಬೇಕು, ಯಾರಿಗೆ ಒಪ್ಪಿಸಬೇಕು ಅಂತ ಕೇಳಿ. ಅವರ ಪತ್ರ ಕೈಗೆ ಬರದೆ ಲಾರಿ ಹೊರಡಿಸಬೇಡಿ. ಆಮೇಲೆ ಒಬ್ಬರು ಎತ್ತುವಷ್ಟು ರಟ್ಟಿನ ಬಾಕ್ಸ್, ಒಂದರಲ್ಲಿ ಒಂದೇ ಬಗೆಯ ಸಾಮಾನು. ಒಳಗೆ ಪ್ಲಾಸ್ಟಿಕ್ ಹಾಕಿ. ಹಿಂದೆ ನಾವು ಕಳಿಸಿದ ಕಂಬಳಿ ಮಳೆಗೆ ನೆನೆದು ಮುಗ್ಗಲು ಹಿಡಿದಿತ್ತು. ಹೊರಗೆ ಸಾಮಾನಿನ ಹೆಸರು, ಎಣಿಕೆ, ತೂಕ ಬರೆಯಿರಿ. ಮಂಡಕ್ಕಿ ಬೇಡ, ತೂಕವಿಲ್ಲದೆ ಸುಮ್ನೆ ಜಾಗ ನುಂಗುತ್ತದೆ.